ಗಿಡ್ಡ ಬಾಗಿಲು

ನದಿಯ ದಂಡೆಯಲ್ಲಿ ಒಂದು ಕಲ್ಲಿನ ಚರ್ಚು. ಅದಕ್ಕೆ ಎರಡು ಬಾಗಿಲು.

ಪಡುವಣ ಬಾಗಿಲು ಆನೆ ಹೋಗುವಷ್ಟು ಎತ್ತರ. ತೆಂಕಣ ಗೋಡೆಯ ಬಾಗಿಲು ಮೂರೂವರೆ ಅಡಿ. ಅದರಲ್ಲಿ ತಲೆ ಎತ್ತಿಕೊಂಡು ಹೋಗುವುದು ಮೇಕೆಗೆ ಮಾತ್ರ ಸಾಧ್ಯ.

ಈ ಗಿಡ್ಡ ಬಾಗಿಲು ಯಾಕೆ ಅಂತ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನೂರೈವತ್ತು ವರ್ಷದ ಹಿಂದೆ ಹೊಲ ಇದ್ದವರು ದೊಡ್ಡ ಬಾಗಿಲನ್ನು ತಾವು ಇಟ್ಟುಕೊಂಡರು. ಅವರ ಹೊಲದಲ್ಲಿ ಗೇಯುತ್ತಿದ್ದ ಕೇರಿಯವರಿಗೆ ಗಿಡ್ಡದನ್ನು ಕೊಟ್ಟರು. ಒಳಗೆ ಹೋದ ಮೇಲೆ ದೇವರು ಒಬ್ಬನೇ ಅಂತ ಎರಡು ಕಡೆಯವರೂ ಹಾಡಿದರು.

ಆ ಕಾಲ ಹೋಯಿತು. ಈಗ ಯಾರು ಬೇಕಾದರೂ ದೊಡ್ಡ ಬಾಗಿಲಲ್ಲಿ ಹೋಗಬಹುದು. ಎಲ್ಲರೂ ಹೋಗುತ್ತಿದ್ದರು, ಒಬ್ಬರನ್ನು ಬಿಟ್ಟು.

ಅವರು ಯಾಗಪ್ಪ ಮೇಸ್ತ್ರಿ. ಕೇರಿಯವರು. ವಯಸ್ಸು ಎಂಬತ್ತು. ಸುಣ್ಣದ ಗಾರೆ ಅರೆದು ಹಳೆಯ ಕಲ್ಲುಗೋಡೆ ಉಳಿಸಬಲ್ಲವರು ಆ ಸುತ್ತಿನಲ್ಲಿ ಅವರೊಬ್ಬರೇ. ಪ್ರತಿ ಭಾನುವಾರ ಚರ್ಚನ್ನು ಅರ್ಧ ಸುತ್ತು ಹಾಕಿ, ಗಿಡ್ಡ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಸೊಂಟ ಹಿಡಿದುಕೊಂಡು ಬಗ್ಗಿ ಒಳಗೆ ಹೋಗುತ್ತಿದ್ದರು.

ಅದನ್ನು ನೋಡಿದಾಗಲೆಲ್ಲ ಇನ್ನಾಸಿ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ.

ಇನ್ನಾಸಿ ಮೇಸ್ತ್ರಿಯ ಶಿಷ್ಯ. ಮೂವತ್ತು ದಾಟಿದ ಗಂಡಸು. ಹೊಲ ಇದ್ದವರ ಮನೆಯ ಮಗ. ಅವನ ಅಪ್ಪ ಅರುಳಪ್ಪನವರು ಚರ್ಚಿನ ರಿಪೇರಿ ಸಮಿತಿಯ ಅಧ್ಯಕ್ಷರು. ನಾಲ್ಕು ವರ್ಷದ ಹಿಂದೆ ಅವನು ಗಾರೆ ಕೆಲಸ ಕಲಿಯಲು ಬಂದಾಗ ಮೇಸ್ತ್ರಿ ಅವನ ಅಂಗೈ ತಿರುಗಿಸಿ ನೋಡಿ ನಕ್ಕಿದ್ದರು.

"ಇದು ಮೊಸರನ್ನ ಕಲಸಿದ ಕೈ."

"ಗಾರೆಯನ್ನೂ ಕಲಸ್ತೀನಿ."

"ಸುಣ್ಣ ಸುಡುತ್ತೆ, ಸಣ್ಣ ಯಜಮಾನ್ರೇ."

"ಹಾಗೆ ಕರೀಬೇಡಿ ಮೇಸ್ತ್ರಿ."

"ಕೆಲಸ ಸರಿಯಾಗಿ ಮಾಡು, ಕರೆಯಲ್ಲ."

ಮೇಸ್ತ್ರಿ ಆ ಮಾತು ಉಳಿಸಿಕೊಂಡರು. ಕೆಲಸ ಸರಿ ಬಂದ ದಿನ "ಮಗಾ". ಕೆಟ್ಟ ದಿನ "ಸಣ್ಣ ಯಜಮಾನ್ರೇ". ಮೊದಲ ವರ್ಷ ಪೂರ್ತಿ ಇನ್ನಾಸಿ ಯಜಮಾನನಾಗಿಯೇ ಕಳೆದ.

ಆಮೇಲೆ ಕೈ ಪಳಗಿತು. ಸುಣ್ಣವನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿದ. ಅಳಲೆಕಾಯಿ ನೀರು, ಬೆಲ್ಲದ ನೀರು ಹೊಯ್ದು, ಬೆಣ್ಣೆಯ ಹಾಗಾಗುವವರೆಗೆ ಅರೆದ. ಮಧ್ಯಾಹ್ನ ಗುರು ಶಿಷ್ಯ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡರು.

ಒಂದು ದಿನ ಅರುಳಪ್ಪನವರು ಮಗನನ್ನು ಕರೆದರು.

"ಚರ್ಚಿಗೆ ನೂರೈವತ್ತು ತುಂಬುತ್ತೆ. ಹೊರಗಿನವರು ನೋಡೋಕೆ ಬರ್ತಾರೆ. ಆ ಗಿಡ್ಡ ಬಾಗಿಲು ಮುಚ್ಚಿಬಿಡು. ಅಲ್ಲೊಂದು ಬಾಗಿಲಿತ್ತು ಅಂತ ಗೊತ್ತಾಗಬಾರದು."

ಅಪ್ಪನ ಕಾರಣ ಬೇರೆ, ಇನ್ನಾಸಿಯ ಕಾರಣ ಬೇರೆ. ಆದರೂ ಒಪ್ಪಿದ. ಬಾಗಿಲು ಇಲ್ಲದೆ ಹೋದರೆ ಮೇಸ್ತ್ರಿ ದೊಡ್ಡ ಬಾಗಿಲಲ್ಲೇ ಬರಬೇಕು, ತಲೆ ಎತ್ತಿಕೊಂಡು.

ಮೇಸ್ತ್ರಿ ಮಗಳ ಊರಿಗೆ ಹೋಗಿದ್ದ ವಾರದಲ್ಲಿ ಕೆಲಸ ಮುಗಿಸಿದ. ಬಿದ್ದುಹೋದ ಕಾಂಪೌಂಡಿನಿಂದ ಬಣ್ಣಕ್ಕೆ ಬಣ್ಣ ಹೊಂದುವ ಕಲ್ಲು ಆರಿಸಿ ತಂದ. ಬಾಗಿಲ ಮೇಲಿನ ಅಡ್ಡಗಲ್ಲಿನ ಅಂಚೂ ಕಾಣದಂತೆ ಗಾರೆ ತುಂಬಿದ. ಅದು ಅವನು ಒಬ್ಬನೇ ಮಾಡಿದ ಮೊದಲ ಕೆಲಸ.

ಭಾನುವಾರ ಮೇಸ್ತ್ರಿ ಬಂದರು. ಚಪ್ಪಲಿ ಬಿಟ್ಟರು. ಬಗ್ಗಿದರು. ಗೋಡೆ ಎದುರಾಯಿತು.

ಇನ್ನಾಸಿ ಮೂಲೆಯಲ್ಲಿ ಕಾಯುತ್ತಿದ್ದ.

"ಯಾರ ಕೆಲಸ?"

"ನನ್ನದೇ."

ಮೇಸ್ತ್ರಿ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಟ್ಟು ಕೇಳಿದರು. ಕಲ್ಲಿನ ಸಂದಿನಲ್ಲಿ ಉಗುರು ಆಡಿಸಿದರು.

"ಎಲ್ಲೂ ಪೊಳ್ಳಿಲ್ಲ. ನಾನು ಮಾಡಿದ್ರೂ ಇಷ್ಟೇ."

ಇನ್ನಾಸಿಯ ಮುಖ ಅರಳಿತು.

"ತುಂಬ ಚೆನ್ನಾಗಿದೆ, ಸಣ್ಣ ಯಜಮಾನ್ರೇ."

ಅಷ್ಟು ಹೇಳಿ ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಒಳಗೆ ಗಂಟೆ ಹೊಡೆಯಿತು.

"ಬನ್ನಿ ಮೇಸ್ತ್ರಿ. ದೊಡ್ಡ ಬಾಗಿಲು ತೆರೆದಿದೆ."

"ಗೊತ್ತು."

"ಮತ್ತೆ?"

"ನನಗೆ ಇಲ್ಲೇ ಕೇಳಿಸುತ್ತೆ. ನೀನು ಹೋಗು, ಪೂಜೆ ಶುರುವಾಯ್ತು."

ಮರುದಿನ ಇನ್ನಾಸಿ ಗಾರೆ ಅರೆಯಲು ಹೋದ. ಮೇಸ್ತ್ರಿ ಅವನ ಕೈಗೆ ಕರಣೆ ಕೊಡಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಅವನ ಪಾಲು ಮುಂದಿಟ್ಟರು.

"ಉಣ್ಣು. ಕೆಲಸ ಇಲ್ಲ."

ಎರಡನೆಯ ಭಾನುವಾರವೂ ಮೇಸ್ತ್ರಿ ಹೊರಗೇ ಕೂತರು. ಮೂರನೆಯ ಭಾನುವಾರ ಬಿಸಿಲು ಕಾದಿತ್ತು. ಕಲ್ಲುಗೋಡೆ ಬಾಣಲೆಯಂತೆ ಸುಡುತ್ತಿತ್ತು. ಮುದುಕರು ಟವೆಲನ್ನು ತಲೆಗೆ ಹಾಕಿಕೊಂಡು ಅದಕ್ಕೇ ಒರಗಿ ಕೂತಿದ್ದರು. ಇನ್ನಾಸಿಗೆ ಒಳಗೆ ಮನಸ್ಸು ನಿಲ್ಲಲಿಲ್ಲ. ಪೂಜೆಯ ನಡುವೆ ಎದ್ದು ಬಂದು ಅವರ ಪಕ್ಕ ಕೂತ.

"ನಿಮಗೋಸ್ಕರ ಮುಚ್ಚಿದೆ ಮೇಸ್ತ್ರಿ. ನೀವು ಬಗ್ಗೋದನ್ನ ನನ್ನ ಕೈಲಿ ನೋಡೋಕೆ ಆಗ್ತಿರಲಿಲ್ಲ."

"ನೋಡೋಕೆ ಆಗದಿದ್ರೆ ಕಣ್ಣು ಮುಚ್ಚಿಕೊಳ್ಳಬೇಕಿತ್ತು. ಬಾಗಿಲು ಯಾಕೆ ಮುಚ್ಚಿದೆ?"

"ಅದು ಅವಮಾನದ ಬಾಗಿಲು."

"ಯಾರಿಗೆ ಅವಮಾನ?"

ಇನ್ನಾಸಿ "ನಿಮಗೆ" ಅನ್ನಲು ಬಾಯಿ ತೆರೆದ. ಮೇಸ್ತ್ರಿ ಅವನನ್ನೇ ನೋಡುತ್ತಿದ್ದರು.

"ನಮಗೆ" ಅಂದ.

"ನಿಮ್ಮ ಅವಮಾನ ಮುಚ್ಚಿಕೊಳ್ಳೋಕೆ ನನ್ನ ಗುಂಡಿಯ ಸುಣ್ಣ ಯಾಕಪ್ಪ ತಗೊಂಡೆ?"

ಇನ್ನಾಸಿ ತಾನು ತುಂಬಿದ ಗಾರೆಯ ಕಡೆ ನೋಡಿದ.

"ಈ ಚರ್ಚು ಕಟ್ಟಿದ್ದು ಯಾರು?" ಮೇಸ್ತ್ರಿ ಕೇಳಿದರು.

"ಸಮಿತಿಯ ಪುಸ್ತಕದಲ್ಲಿ ಆಗಿನ ಫಾದರ್ ಹೆಸರಿದೆ. ಗಂಟೆ ಕೊಟ್ಟವರು ನಮ್ಮ ಮನೆತನದ ಹಿರಿಯರು."

"ಹೊಳೆಯಾಚೆಯಿಂದ ಕಲ್ಲು ಹೊತ್ತವರು?"

"ಅವರ ಹೆಸರಿಲ್ಲ."

"ಎರಡು ಬಾಗಿಲನ್ನೂ ಕೂರಿಸಿದ್ದು ನಮ್ಮ ಮುತ್ತಜ್ಜ. ದೊಡ್ಡದನ್ನು ಮೊದಲು, ಗಿಡ್ಡದನ್ನು ಆಮೇಲೆ. ಗಿಡ್ಡದು ಯಾರಿಗೆ ಅಂತ ಅವನಿಗೆ ಹೇಳಿದ್ದು ಕೂರಿಸಿದ ಮೇಲೆ."

ಒಳಗೆ ಜನ ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ಮೇಸ್ತ್ರಿ ಕೇಳಿದರು.

"ಆ ಅಡ್ಡಗಲ್ಲಿನ ಒಳಮೈ ಮುಟ್ಟಿ ನೋಡಿದ್ದೀಯಾ?"

"ನುಣ್ಣಗಿದೆ. ಉಳಿಯಲ್ಲಿ ಅಷ್ಟು ನಯ ಹೇಗೆ ತಂದರೋ."

"ಉಳಿ ಅಲ್ಲ ಅದು. ನಮ್ಮ ಹೆಂಗಸರ ತಲೆ ತಾಗಿ ತಾಗಿ ಆದದ್ದು. ನಮ್ಮವ್ವ ನನ್ನ ನೆತ್ತಿ ಮೇಲೆ ಕೈಯಿಟ್ಟು ಬಗ್ಗಿಸಿ ಒಳಗೆ ಕರ್ಕೊಂಡು ಹೋಗ್ತಿದ್ದಳು. ಅವಳ ಫೋಟೋ ಇಲ್ಲ. ಮಣ್ಣು ಮಾಡಿದ ಜಾಗದಲ್ಲಿ ಕಲ್ಲಿಲ್ಲ. ಅವಳು ಈ ಊರಲ್ಲಿ ಇದ್ದಳು ಅನ್ನೋದಕ್ಕೆ ಇದ್ದ ಗುರುತು ಅದೊಂದೇ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಇನ್ನಾಸಿಗೆ ತಡೆಯಲಾಗಲಿಲ್ಲ. ಎದ್ದ.

"ಎಲ್ಲಿಗೆ?"

"ಹಾರೆ ತರ್ತೀನಿ."

"ಕೂತ್ಕೋ. ಸಿಮೆಂಟ್ ಸೇರಿಸಿದ್ದೀಯಾ?"

"ಅಪ್ಪ ಎರಡು ಚೀಲ ತರಿಸಿದ್ದರು. ಮುಟ್ಟಲಿಲ್ಲ. ನೀವು ಕಲಿಸಿದ ಹಾಗೆ ಬರೀ ಸುಣ್ಣ, ಮರಳು."

ಮೇಸ್ತ್ರಿ ಮೂರು ವಾರದಲ್ಲಿ ಮೊದಲ ಸಲ ನಕ್ಕರು.

"ಸಿಮೆಂಟ್ ಹಾಕಿದ್ದಿದ್ರೆ ಗಾರೆ ಜೊತೆ ಅಡ್ಡಗಲ್ಲೂ ಪುಡಿಯಾಗ್ತಿತ್ತು. ಸುಣ್ಣ ಬಿಟ್ಟುಕೊಡುತ್ತೆ. ಹಾರೆ ಬೇಡ. ನಾಳೆ ಸಣ್ಣ ಉಳಿ ತಗೊಂಡು ಬಾ ಮಗಾ."

ಸೋಮವಾರ ಬೆಳಿಗ್ಗೆ ಶುರುಮಾಡಿದರು. ಇನ್ನಾಸಿ ಸಂದಿಗೆ ಉಳಿಯಿಟ್ಟು ಗಾರೆ ಕೆರೆದ. ಮೇಸ್ತ್ರಿ ಒಂದೊಂದೇ ಕಲ್ಲನ್ನು ಅಲುಗಿಸಿ ಬಿಡಿಸಿಕೊಟ್ಟರು.

"ಇಷ್ಟು ಗಟ್ಟಿಯಾಗಿ ಕಟ್ಟೋಕೆ ನಿನಗೆ ಯಾರೋ ಕಲಿಸಿದ್ದು?"

"ಒಬ್ಬರು ಹಟಮಾರಿ ಮುದುಕರು."

"ಅವರನ್ನ ಬೈಬೇಕು."

ಅರ್ಧ ಬಾಗಿಲು ತೆರೆದಿರುವಾಗ ಅರುಳಪ್ಪನವರು ಬಂದರು. ಮೇಸ್ತ್ರಿಯ ಕಡೆ ನೋಡಲಿಲ್ಲ.

"ಏನೋ ಇದು?"

"ನಾನು ಮಾಡಿದ ತಪ್ಪು ತೆಗೀತಿದ್ದೀನಪ್ಪ."

"ಹಬ್ಬಕ್ಕೆ ಬಂದವರು ಕೇಳಿದರೆ ಏನು ಹೇಳ್ತೀಯ?"

"ಇದ್ದದ್ದು ಹೇಳ್ತೀನಿ. ನಮ್ಮ ಹಿರಿಯರು ಗಂಟೆ ಕೊಟ್ಟರು, ಈ ಬಾಗಿಲನ್ನೂ ಕೊಟ್ಟರು ಅಂತ."

"ಮನೆತನದ ಮರ್ಯಾದೆ ತೆಗೀತೀಯ."

"ಮರ್ಯಾದೆ ಇರಲಿ ಅಂತಲೇ ತೆಗೀತಿದ್ದೀನಿ."

ಇನ್ನಾಸಿಯ ಉಳಿ ಸಂದಿಯಿಂದ ಜಾರಿತು. ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮೇಸ್ತ್ರಿ ಅವನ ಕೈಯಿಂದ ಉಳಿ ಇಸಿದುಕೊಂಡರು.

"ನಡುಗೋ ಕೈಯಲ್ಲಿ ಹೊಡೆದರೆ ಕಲ್ಲಿನ ಅಂಚು ಹೋಗುತ್ತೆ. ನೀರು ಕುಡಿ."

ಅರುಳಪ್ಪನವರು ಬೈಯಲೂ ಇಲ್ಲ, ಹೋಗಲೂ ಇಲ್ಲ. ಹತ್ತು ಹೆಜ್ಜೆ ಹಿಂದೆ ಸರಿದು ಬಿಸಿಲಲ್ಲಿ ನಿಂತರು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಕಲ್ಲು ಬಂತು. ಮೇಸ್ತ್ರಿ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಹೋದರು. ಇನ್ನಾಸಿಯೂ ಚಪ್ಪಲಿ ಬಿಟ್ಟ. ಹುಟ್ಟಿದಾಗಿನಿಂದ ಆ ಚರ್ಚಿಗೆ ಬಂದವನು ಆ ಬಾಗಿಲಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಮಂಡಿಯ ತನಕ ಬಗ್ಗಿ ನುಗ್ಗಿ, ಒಳಗೆ ಬೆನ್ನು ನೇರ ಮಾಡಿದ.

ಎದುರಿಗೆ ಒಂದು ದಪ್ಪ ಕಂಬ. ಅದರಾಚೆ ಏನೂ ಕಾಣಲಿಲ್ಲ.

"ಇಲ್ಲಿಂದ ಪೂಜೆಯ ಪೀಠ ಕಾಣಲ್ಲ ಮೇಸ್ತ್ರಿ."

"ಕಾಣಬಾರದು ಅಂತಲೇ ಕಂಬ ಅಲ್ಲಿ ಇಡಿಸಿದರು."

"ಮತ್ತೆ ನಿಮ್ಮವರು ಪೂಜೆ ಪೂರ್ತಿ ಏನು ನೋಡ್ತಿದ್ದರು?"

"ಕಂಬದ ಗಾರೆ. ಅದೂ ನಮ್ಮವರದೇ ಕೆಲಸ. ಒಂದು ಬಿರುಕು ಹುಡುಕು ನೋಡೋಣ."

ಇನ್ನಾಸಿ ಕಂಬವನ್ನು ಸವರಿ ನೋಡಿದ. ತಣ್ಣಗಿತ್ತು. ಎಲ್ಲೂ ಬಿರುಕಿರಲಿಲ್ಲ. ಅಂಗೈ ತೆಗೆಯಲು ಮನಸ್ಸಾಗದೆ ಬಹಳ ಹೊತ್ತು ಹಾಗೇ ನಿಂತ. ಆಮೇಲೆ ತಿರುಗಿ ಬಾಗಿಲಾಚೆ ನೋಡಿದ.

ಅಪ್ಪನ ಮುಖ ಕಾಣಲಿಲ್ಲ. ಪಂಚೆಯ ಅಂಚು, ಎರಡು ಪಾದ ಕಂಡವು. ಚಪ್ಪಲಿ ಪಕ್ಕಕ್ಕೆ ಬಿಟ್ಟಿದ್ದರು. ಪಾದಗಳು ಹೊಸ್ತಿಲಿಗೆ ಒಂದೇ ಹೆಜ್ಜೆ ಇರುವಲ್ಲಿಗೆ ಬಂದು ನಿಂತಿದ್ದವು.

"ಮೇಸ್ತ್ರಿ, ಅಪ್ಪ ಬಾಗಿಲ ಹತ್ತಿರ ನಿಂತಿದ್ದಾರೆ. ಏನು ಮಾಡಲಿ?"

ಯಾಗಪ್ಪ ಮೇಸ್ತ್ರಿ ಟವೆಲ್ ಕೊಡವಿ ನೆಲಕ್ಕೆ ಹಾಸಿ, ಪಕ್ಕದಲ್ಲಿ ಇನ್ನಿಬ್ಬರಿಗೆ ಜಾಗ ಬಿಟ್ಟು ಕೂತರು.

"ಕರಿ. ಅಭ್ಯಾಸ ಇಲ್ಲದವರು, ತಲೆ ಜೋಪಾನ ಅಂತ ಹೇಳು."