ಈರಜ್ಜಿಯ ಕಣ್ಣು

ಹೊಳೆದಂಡೆಯಲ್ಲಿ ಬೊಮ್ಮಯ್ಯ ಎಂಬ ಚಿತ್ರಗಾರರ ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡ ಮಾತಾಯಿತು. ಒಂದು ಹೆಂಚಿನ ಮನೆ, ಒಂದು ಹೊಂಗೆಮರ, ಬಣ್ಣ ಅರೆಯುವ ಕಲ್ಲುಗಳು, ಕಲಿಯುತ್ತೇವೆ ಎಂದು ಬಂದು ಕೂತ ಒಂದಷ್ಟು ಜನ.

ಅಲ್ಲಿ ದೇವರ ಚಿತ್ರ ಬರೆಯುತ್ತಿರಲಿಲ್ಲ, ಮನುಷ್ಯರ ಮುಖ ಬರೆಯುತ್ತಿದ್ದರು. ತಮಗೆ ಬೇಕಾದವರಿಗೆ ಉಡುಗೊರೆ ಕೊಡಲು ಜನ ಬರೆಸಿಕೊಂಡು ಹೋಗುತ್ತಿದ್ದರು.

ಆ ಮನೆಯಲ್ಲಿ ಒಂದು ಕಟ್ಟಳೆ. ಮುಖವೆಲ್ಲ ಮುಗಿದರೂ ಕಣ್ಣು ಬರೆಯುವ ಹಾಗಿಲ್ಲ. ಚಿತ್ರ ಯಾರ ಕೈ ಸೇರಬೇಕೋ ಅವರು ಎದುರಿಗೆ ಬಂದು ನಿಂತ ಮೇಲೆಯೇ, ಎಲ್ಲರ ಮುಂದೆ, ಕಣ್ಣು ತೆರೆಸಬೇಕು.

ಅಲ್ಲಿ ಕಲಿಯುತ್ತಿದ್ದ ದೇವೀರಿಯ ನಿದ್ದೆಗೆಡಿಸುತ್ತಿದ್ದುದು ಇದೊಂದೇ.

ಬಣ್ಣ ಅರೆಯುವುದು, ಸೀರೆಯ ಅಂಚು, ಕೊರಳಿನ ಸರ, ಎಲ್ಲ ಅವಳಿಗೆ ಸಲೀಸು. ಕಿವಿ ಬರೆಯುವುದರಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ಕಿವಿ ಯಾರನ್ನೂ ದಿಟ್ಟಿಸುವುದಿಲ್ಲವಲ್ಲ.

ಹಿಂದೆ ಅಲ್ಲಿ ಚೌಡಯ್ಯ ಎಂಬ ಶಿಷ್ಯನಿದ್ದನಂತೆ. ಕಣ್ಣು ತೆರೆಸುವಾಗ ಕೈ ನಡುಗಿ ಮಸಿಯ ಗೆರೆ ಕೆನ್ನೆಗೆ ಇಳಿಯಿತಂತೆ. ಅವನು ಅವತ್ತೇ ಕುಂಚ ಇಟ್ಟು ಊರಿಗೆ ಹೋದ. ಈಗ ಬಳೆ ಮಾರಿಕೊಂಡು ಸುಖವಾಗಿದ್ದಾನೆ. ಕತೆಯ ಈ ಕೊನೆಯ ಭಾಗ ಮಾತ್ರ ದೇವೀರಿಯ ಕಿವಿಗೆ ಬಿದ್ದೇ ಇರಲಿಲ್ಲ.

ಒಂದು ದಿನ ಈರಜ್ಜಿ ಬಂದಳು.

"ನನ್ನ ಮುಖ ಬರ್ಕೊಡಿ ಸ್ವಾಮಿ. ಭದ್ರಿಗೆ ಕೊಡಬೇಕು."

ಭದ್ರಜ್ಜಿ ಅಂದರೆ ಈರಜ್ಜಿಯ ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಆ ಗೋಡೆಯ ಆಚೀಚೆ ನಿಂತು ಜಗಳವಾಡಿಕೊಂಡೇ ಮುದುಕಿಯರಾಗಿದ್ದರು.

"ಹುಣ್ಣಿಮೆ ಬೆಳಗ್ಗೆ ದೋಣಿ ಹತ್ತುತಾಳೆ. ಮಗಳ ಮನೆಗೆ ಹೋಯ್ತಾಳೆ, ಅಲ್ಲೇ ಇರಕ್ಕೆ. ಒಂದು ಸೀರೆ ಕೊಡ್ತೀನಿ ಕಣೆ ಅಂದೆ. ಬ್ಯಾಡ ಅಂದ್ಳು. ಅಲ್ಲಿ ಬೈಯಕ್ಕೆ ನಂಗ್ಯಾರವ್ರೆ, ನಿನ್ನ ಮುಖ ಕೊಡು, ಗೋಡೆಗೆ ನೇತಾಕ್ಕಂಡು ಬೈತೀನಿ ಅಂದ್ಳು."

ಬೊಮ್ಮಯ್ಯನವರು ನಕ್ಕರು. "ದೇವೀರಿ ಬರೀತಾಳೆ," ಅಂದರು.



ಈರಜ್ಜಿ ದಿನಾ ಬಂದು ಹೊಂಗೆಮರದ ಕೆಳಗೆ ಕೂರುತ್ತಿದ್ದಳು. ದೇವೀರಿ ಬರೆಯುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು.

"ಉಸ್ರಾಡವ್ವ ತಾಯಿ," ಅನ್ನುತ್ತಿದ್ದಳು ಈರಜ್ಜಿ. "ನೀನು ಉಸ್ರು ಬಿಗಿ ಹಿಡ್ಕಂಡ್ರೆ ನಂಗೂ ಮೇಲುಸ್ರು ಬತ್ತದೆ."

"ಆಡ್ತಿದೀನಿ ಅಜ್ಜಿ."

"ಉಂಡ್ಯಾ?"

"ಉಂಡೆ."

"ಸುಳ್ಳು. ಮೊಕ ನೋಡು, ಸುಟ್ಟ ಬದ್ನೆಕಾಯಿ ಆದಂಗಾಗದೆ."

ಹಣೆ ಆಯಿತು, ಮೂಗುತಿ ಆಯಿತು, ಕೆನ್ನೆಯ ಸುಕ್ಕುಗಳೂ ಆದವು. ಕಿವಿಯಂತೂ ಕೇಳಬೇಡಿ. ಕಣ್ಣಿನ ಜಾಗ ಖಾಲಿ.

ಹುಣ್ಣಿಮೆ ನಾಳೆ ಅನ್ನುವ ದಿನ, ದೀಪ ಹಚ್ಚುವ ಹೊತ್ತಿಗೆ, ಆಶ್ರಮದಲ್ಲಿ ಯಾರೂ ಇರಲಿಲ್ಲ. ದೇವೀರಿ ಚಿತ್ರದ ಹಲಗೆಯ ಮುಂದೆ ಕೂತಳು. ನಾಳೆ ಊರೆಲ್ಲ ನೆರೆದಿರುತ್ತದೆ. ಕೈ ಜಾರಿದರೆ ಮತ್ತೊಂದು ಬರೆಯಲು ಪುರುಸೊತ್ತಿಲ್ಲ. ದೋಣಿ ಹೊರಟರೆ ಹೊರಟಿತು. ಭದ್ರಜ್ಜಿ ತಿರುಗಿ ಬರುವವಳಲ್ಲ.

ಅವಳು ಅಳಿಲಿನ ಕೂದಲಿನ ಕುಂಚ ತೆಗೆದಳು. ಈರಜ್ಜಿಯನ್ನು ನೆನೆದುಕೊಂಡು ಎರಡೂ ಕಣ್ಣು ಬರೆದೇಬಿಟ್ಟಳು.

ಕೈ ನಡುಗಲಿಲ್ಲ. ಯಾರೂ ನೋಡುತ್ತಿರಲಿಲ್ಲವಲ್ಲ.

ನಾಳೆ ಏನು ಮಾಡಬೇಕು ಅನ್ನುವುದನ್ನೂ ಹೊಂಚಿಕೊಂಡಳು. ಹಲಗೆಯನ್ನು ತನ್ನ ಕಡೆ ತಿರುಗಿಸಿ ಇಟ್ಟುಕೊಳ್ಳುವುದು, ಕುಂಚವನ್ನು ಬರೀ ನೀರಿಗೆ ಅದ್ದಿ ಕಣ್ಣಿನ ಮೇಲೆ ಆಡಿಸಿದ ಹಾಗೆ ಮಾಡುವುದು. ನೋಡುವವರಿಗೆ ನೀರೇನು, ಮಸಿಯೇನು.

ಬೆಳಗ್ಗೆ ದೋಣಿಯ ಬಳಿಗೆ ಹೊರಡುವ ಮುಂಚೆ ಬೊಮ್ಮಯ್ಯನವರು ಹಲಗೆಯ ಮೇಲಿನ ಬಟ್ಟೆ ಸರಿಸಿದರು.



ಅವರು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಕಣ್ಣು ಚೆನ್ನಾಗಿವೆ."

ದೇವೀರಿ ಸರಿಸಿದ ಬಟ್ಟೆಯನ್ನು ಮಡಚತೊಡಗಿದಳು.

"ಎರಡೂ ಒಂದೇ ಅಳತೆ."

"ಹೌದು ಗುರುಗಳೇ."

"ಇವಳು ಯಾರನ್ನ ನೋಡ್ತಿದ್ದಾಳೆ?"

ದೇವೀರಿ ಬಗ್ಗಿ ನೋಡಿದಳು. ಹಲಗೆಯ ಮೇಲಿನ ಈರಜ್ಜಿ ನೆಟ್ಟಗೆ ಅವಳನ್ನೇ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು.

"ನನ್ನನ್ನ."

"ಏನಂತಾಳೆ?"

"ಉಂಡ್ಯಾ ಅಂತಾಳೆ. ಯಾಕಿಂಗೆ ಹೆದರ್ತೀಯ ಅಂತಾಳೆ."

"ನಿನ್ನ ಹೆದರಿಕೇನ ಆ ಭದ್ರಜ್ಜಿ ಮಗಳ ಮನೆ ಗೋಡೆಗೆ ನೇತುಹಾಕ್ಕೋಬೇಕಾ?"

ಅಷ್ಟು ಹೇಳಿ ಅವರು ಹೆಬ್ಬೆರಳನ್ನು ಬಿಳಿ ಬಣ್ಣದಲ್ಲಿ ಅದ್ದಿದರು. ಒಂದು ಕಣ್ಣಿನ ಮೇಲೆ ಒತ್ತಿದರು. ಇನ್ನೊಂದರ ಮೇಲೂ ಒತ್ತಿದರು.

ದೇವೀರಿ ಚೀರಿದಳು, ತನ್ನ ಕಣ್ಣನ್ನೇ ಒತ್ತಿದರು ಎನ್ನುವ ಹಾಗೆ.

"ಒಣಗಬೇಕಲ್ಲ ಗುರುಗಳೇ!"

"ಬಿಸಿಲಿದೆ. ದೋಣಿ ಹತ್ರ ನಡೆಯೋದರೊಳಗೆ ಒಣಗುತ್ತೆ."

"ಕೈ ಜಾರಿದರೆ?"

"ಜಾರಬಹುದು."

"ಮತ್ತೆ ಬರೆಯೋಕೆ ಆಗಲ್ಲ, ದೋಣಿ ಹೊರಟುಬಿಡುತ್ತೆ."

"ಹೌದು."

"ಭದ್ರಜ್ಜಿ ಕೆಟ್ಟುಹೋದ ಮುಖ ಹೊತ್ಕೊಂಡು ಹೋಗಬೇಕಾಗುತ್ತೆ."

"ಹೌದು."

ಆ 'ಹೌದು' ಒಳಗೆ ಎಲ್ಲಾದರೂ ಸಮಾಧಾನ ಅಡಗಿದೆಯೇನೋ ಎಂದು ದೇವೀರಿ ದಾರಿಯುದ್ದಕ್ಕೂ ಹುಡುಕಿದಳು. ಇರಲಿಲ್ಲ.

ಹೊಳೆಯ ಮೆಟ್ಟಿಲ ಮೇಲೆ ಜನ ಸೇರಿದ್ದರು. ದೋಣಿಯವನು ಹಗ್ಗ ಹಿಡಿದು ನಿಂತಿದ್ದ. ಭದ್ರಜ್ಜಿಯ ಗಂಟುಮೂಟೆಗಳು ಆಗಲೇ ದೋಣಿ ಹತ್ತಿದ್ದವು.

ಅವಳು ಹಲಗೆ ನೋಡಿ ಸೊಂಟದ ಮೇಲೆ ಕೈ ಇಟ್ಟಳು. "ಇದೇನೇ ಈರಿ, ನಿನ್ನ ಕುರುಡಿ ಮಾಡವ್ರೆ! ಒಳ್ಳೇದೇ ಆಯ್ತು. ಇನ್ನು ನಿನ್ನ ದೃಷ್ಟಿ ತಾಕದಿಲ್ಲ ನಂಗೆ."

"ನಿನ್ನ ಸೊಟ್ಟ ಮೂತಿಗೆ ಯಾವ ದೃಷ್ಟಿ ತಾಕೀತೇ?"

ಜನ ನಕ್ಕರು. ದೇವೀರಿ ಮೆಟ್ಟಿಲ ಮೇಲೆ ಕೂತಳು. ಹಲಗೆಯನ್ನು ಮೊಣಕಾಲಿಗೆ ಆನಿಸಿಕೊಂಡಳು. ಕುಂಚವನ್ನು ಮಸಿಗೆ ಅದ್ದಿದಳು. ತುದಿ ಗಾಳಿಗೆ ಸಿಕ್ಕ ಹುಲ್ಲೆಸಳಿನ ಹಾಗೆ ಅಲ್ಲಾಡುತ್ತಿತ್ತು. ಗಾಳಿ ಇರಲಿಲ್ಲ.

"ಬೇಗ ಆಗಲವ್ವ," ಅಂದ ದೋಣಿಯವನು.

ದೇವೀರಿ ಗುರುಗಳತ್ತ ನೋಡಿದಳು. ಅವರು ಈರಜ್ಜಿಯತ್ತ ಗಲ್ಲ ತಿರುಗಿಸಿ ತೋರಿಸಿದರು, ಅಷ್ಟೇ.

ಈರಜ್ಜಿ ಇವಳ ಕಡೆ ನೋಡುತ್ತಲೇ ಇರಲಿಲ್ಲ.

"ನನ್ನ ಕೋಳಿ ನಿನ್ನ ಹಟ್ಟಿಗೆ ಬುಟ್ಟಿವ್ನಿ," ಅನ್ನುತ್ತಿದ್ದಳು ಭದ್ರಜ್ಜಿ. "ಹೊತ್ತೊತ್ತಿಗೆ ಕಾಳು ಹಾಕು. ಹಬ್ಬ ಬಂತು ಅಂತ ಸಾರು ಮಾಡಿಬುಟ್ಟೀಯೆ."

"ನನ್ನ ಬದನೆ ಗಿಡ ಎಲ್ಲಾ ಮೇದದ್ದು ಅದೇ ಕೋಳಿ. ನಾಳೆಗೇ ಸಾರು."

"ಮಾಡು ನೋಡ್ತೀನಿ."

"ಎಲ್ಲಿಂದ ನೋಡೀಯೆ?"

ಭದ್ರಜ್ಜಿ ಬಾಯಿ ತೆರೆದಳು. ಉತ್ತರ ಸಿಗಲಿಲ್ಲ. ಇಬ್ಬರ ಜಗಳದಲ್ಲಿ ಭದ್ರಜ್ಜಿಗೆ ಮಾತು ಸಿಗದೆ ಹೋದದ್ದನ್ನು ಆ ಊರು ಅದೇ ಮೊದಲು ನೋಡಿದ್ದು.

ಈರಜ್ಜಿ ಗೆದ್ದಿದ್ದಳು. ಗೆದ್ದವಳ ಹಾಗೆ ಮಾತ್ರ ಕಾಣುತ್ತಿರಲಿಲ್ಲ. ಅವಳ ಎಡಗಣ್ಣು ಇನ್ನೂ ಜಗಳದಲ್ಲೇ ಇತ್ತು, ಕಿರಿದಾಗಿ, ಚೂಪಾಗಿ. ಬಲಗಣ್ಣು ಅಗಲವಾಗಿ ತೆರೆದುಕೊಂಡಿತ್ತು, ಒಂದು ಮುಖವನ್ನು ಇಡಿಯಾಗಿ ಒಳಗೆ ಇಟ್ಟುಕೊಳ್ಳುವುದಕ್ಕೆ ಜಾಗ ಮಾಡುವ ಹಾಗೆ.

ದೇವೀರಿ ನೋಡಿದಳು. ಎಡಗಣ್ಣು ಬರೆದಳು. ನೋಡಿದಳು. ಬಲಗಣ್ಣು ಬರೆದಳು. ಮಧ್ಯೆ ದೋಣಿಯವನು ಏನೋ ಕೂಗಿದ. ಯಾರೋ ಅವನನ್ನು ಸುಮ್ಮನಿರಿಸಿದರು.

ಹಲಗೆಯನ್ನು ಭದ್ರಜ್ಜಿಯ ಕಡೆ ತಿರುಗಿಸಿದಳು.

ಮೊದಲು ಇಣುಕಿದವಳು ಈರಜ್ಜಿಯೇ. "ಅಯ್ಯೋ ಶಿವನೇ! ಒಂದು ಕಣ್ಣು ಸಣ್ಣ, ಒಂದು ಕಣ್ಣು ದೊಡ್ಡ. ನನ್ನ ಕಣ್ಣು ಹಿಂಗವಾ?"

ದೇವೀರಿ ಹಲಗೆಯನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದಳು.

"ಹಿಂಗೇ ಅವೆ," ಅಂದಳು ಭದ್ರಜ್ಜಿ. "ನೀನ್ಯಾವಾಗ ನೋಡ್ಕಂಡಿದೀಯೆ? ಜಲಮವೆಲ್ಲ ನೋಡಿರಳು ನಾನು."

ಅವಳು ಹಲಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಪಕ್ಕದಲ್ಲೇ ನಿಂತ ಈರಜ್ಜಿಯನ್ನು ಬಿಟ್ಟು ಹಲಗೆಯ ಮೇಲಿನವಳಿಗೆ ಮೆಲ್ಲಗೆ ಹೇಳಿದಳು.

"ಸುಮ್ಕಿರೇ. ಹಂಗೆ ನೋಡಬ್ಯಾಡ. ಹೋಗಿಬತ್ತೀನಿ."

ಮಸಿ ಇನ್ನೂ ಹಸಿ. ಬಟ್ಟೆ ಹೊದಿಸುವ ಹಾಗಿರಲಿಲ್ಲ. ಅವಳು ಹಲಗೆಯನ್ನು ಮಡಿಲಲ್ಲಿ ಆಕಾಶಕ್ಕೆ ಮುಖಮಾಡಿ ಇಟ್ಟುಕೊಂಡು, ಬಿಸಿಲಿಗೆ ಸೆರಗು ಅಡ್ಡ ಹಿಡಿದು, ದೋಣಿಯಲ್ಲಿ ಕೂತಳು.

ದೋಣಿ ಹೊರಟಿತು.

ಈರಜ್ಜಿ ಕೊನೆಯ ಮೆಟ್ಟಿಲವರೆಗೂ ಇಳಿದು, ನೀರು ಪಾದ ಮುಟ್ಟಿದ ಮೇಲೆ ನಿಂತಳು. "ಸಾರು ಮಾಡದಿಲ್ಲ ಕಣೇ!" ಎಂದು ಕೂಗಿದಳು. ಕೇಳಿಸಿತೋ ಇಲ್ಲವೋ. ದೋಣಿ ಹೊಳೆಯ ತಿರುವು ದಾಟಿತು.

ಜನ ಕರಗಿದರು. ದೇವೀರಿ ಕುಂಚ ತೊಳೆಯಲು ನೀರಿಗೆ ಕೈ ಅದ್ದಿದಳು. ಬೆರಳಿಗೆ ಮಸಿ ಮೆತ್ತಿದ್ದನ್ನು ಕಂಡ ಮೇಲೆ ಏನೋ ನೆನಪಾದವಳ ಹಾಗೆ ಗಾಬರಿಯಿಂದ ಎದ್ದು ನಿಂತಳು.

"ಗುರುಗಳೇ, ಬರೆಯುವಾಗ ನನ್ನ ಕೈ ನಡುಗಿತಾ? ನೀವು ನೋಡಿದಿರಾ?"

ಬೊಮ್ಮಯ್ಯನವರು ಖಾಲಿ ಹೊಳೆಯನ್ನೇ ನೋಡುತ್ತಿದ್ದರು.

"ದೋಣಿ ತಿರುವು ದಾಟಿದ ಮೇಲೆ ಜ್ಞಾಪಕ ಬಂತೇನಮ್ಮ," ಅಂದರು, "ನಿನಗೊಂದು ಕೈ ಇದೆ ಅಂತ?"