ಮ್ಯಾನೇಜರ್ ಕೈಗೆ ಬಂದ ಸೆರಗು

ಅಂಡಮಾನಿನ ದ್ವೀಪವೊಂದರ ಭಾರಿ ರೆಸಾರ್ಟಿಗೆ ಗದಗಿನ ನೀಲವ್ವ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಬಂದಿದ್ದಳು. ಸಮುದ್ರ ಹಿಡಿಸಿತು, ಮೆತ್ತನೆ ಹಾಸಿಗೆಯೂ ಹಿಡಿಸಿತು. ಬೆಳಗ್ಗೆ ಎದ್ದು ತನ್ನ ಇಳಕಲ್ ಸೀರೆ ಒಗೆದು ಬಾಲ್ಕನಿಗೆ ಹಾಕಿದಳು. ಗಳಿಗೆಯಲ್ಲೇ ಕೋಟು ತೊಟ್ಟ ಮ್ಯಾನೇಜರ್ ಬಂದ. ಮಂಗಳೂರಿನವನು.

"ಇಲ್ಲಿ ಎಲ್ಲೂ ಬಟ್ಟೆ ನೇತುಹಾಕುವಂತಿಲ್ಲ. ನೋಟ ಕೆಡುತ್ತದೆ. ನಮ್ಮ ಮಷಿನ್ನಿಗೆ ಕೊಡಿ."

ಇಳಕಲ್ ಸೀರೆಯನ್ನು ಮಷಿನ್ನಿಗೆ ಕೊಡುವ ಮಾತೇ ಇಲ್ಲ. ಆದರೂ ನೀಲವ್ವ ವಾದಕ್ಕೆ ನಿಲ್ಲಲಿಲ್ಲ. ಸೀರೆ ತೆಗೆದುಕೊಂಡು, ಸೊಸೆಯನ್ನು ಕರೆದುಕೊಂಡು ದಂಡೆಗೆ ಹೋದಳು. ಆ ತುದಿ ಸೊಸೆ ಹಿಡಿದಳು, ಈ ತುದಿ ಅತ್ತೆ. ಗಾಳಿಗೆ ಸೀರೆ ಹಾಯಿಯ ಹಾಗೆ ಉಬ್ಬಿತು. ಬಿಸಿಲಿಗೆ ಮಲಗಿದ್ದ ವಿದೇಶಿಯರು ಎದ್ದು ಬಂದು ಫೋಟೊ ತೆಗೆಯತೊಡಗಿದರು.

ಮ್ಯಾನೇಜರ್ ಓಡಿ ಬಂದ. "ಏನಮ್ಮ ಇದು? ನೇತುಹಾಕಬಾರದು ಅಂದೆನಲ್ಲ?"

"ನೇತು ಎಲ್ಲಿ ಹಾಕೀನ್ರಿ? ಕೈಯಾಗ ಹಿಡಕೊಂಡು ನಿಂತೀನಿ. ತಗೋರಿ, ಒಂದೀಟು ಹಿಡೀರಿ, ನನ್ನ ತುರುಬು ಬಿಚ್ಚೇತಿ" ಎಂದು ಸೆರಗನ್ನು ಅವನ ಕೈಗಿಟ್ಟಳು.

ಬಿಟ್ಟರೆ ಒದ್ದೆ ಸೆರಗು ಮರಳಿಗೆ ಬೀಳುತ್ತದೆ. ಹಿಡಿದುಕೊಂಡ. ನೀಲವ್ವ ತುರುಬು ಕಟ್ಟಿಕೊಂಡಳು, ಎಳನೀರು ತರಿಸಿದಳು, ನೆರಳಿನ ಕುರ್ಚಿಯಲ್ಲಿ ಕೂತಳು. ಆ ತುದಿಯಲ್ಲಿ ಸೊಸೆ ನಗು ತಡೆದುಕೊಂಡು ನಿಂತಿದ್ದಳು. ವಿದೇಶಿ ಹೆಂಗಸೊಬ್ಬಳು ಮ್ಯಾನೇಜರ್ ಪಕ್ಕ ನಿಂತು ಫೋಟೊ ತೆಗೆಸಿಕೊಂಡಳು. ಕೋಟಿನೊಳಗೆ ಅವನು ಬೆವರಿ ನೀರಾಗಿದ್ದ.

"ಅಮ್ಮ, ಇನ್ನೂ ಎಷ್ಟು ಹೊತ್ತು?"

"ಒಣಗೂತನಕ ರೀ. ಬಾಲ್ಕನ್ಯಾಗ ಇದ್ದಿದ್ರ ನಿಮಗ ಈ ತ್ರಾಸ ಇರತಿರಲಿಲ್ಲ."

ಮರುದಿನ ಬೆಳಗ್ಗೆ ಬಾಲ್ಕನಿಗೆ ಹಗ್ಗ ಕಟ್ಟಿಕೊಟ್ಟವನು ಮ್ಯಾನೇಜರೇ. ಬಿಗಿಯಾಗಿ, ಎರಡೆರಡು ಗಂಟು ಹಾಕಿ.