ವಕೀಲನ ಪಾಟೀಸವಾಲು

“ಗುರುಗಳೇ, ಕಚೇರಿಯಲ್ಲಿ ಕುಳಿತರೆ ಮನೆ ಎಳೆಯುತ್ತದೆ, ಮನೆಯಲ್ಲಿ ಕುಳಿತರೆ ಕಚೇರಿ ಎಳೆಯುತ್ತದೆ. ಎರಡಕ್ಕೂ ನ್ಯಾಯ ಒದಗಿಸುವುದು ಹೇಗೆ?”

ಕೇಳಿದವನು ಶಿಷ್ಯ ನಿರಂಜನ. ನಗರದ ದೊಡ್ಡ ವಕೀಲರ ಕಚೇರಿಯೊಂದರಲ್ಲಿ ಕೆಲಸ ಮಾಡುವವನು. ಹೆಂಡತಿ ಮುನಿಸಿಕೊಂಡಿದ್ದಾಳೆ, ಹಿರಿಯ ವಕೀಲರು ಮುಖ ಗಂಟಿಕ್ಕುತ್ತಾರೆ, ಯಾರ ಮಾತು ಕೇಳಬೇಕೋ ತಿಳಿಯದೆ ತಲೆ ಕೆಟ್ಟುಹೋಗಿದೆ ಎಂದ.

ಗುರುಗಳು ನಕ್ಕರು. “ಮನೆಯನ್ನೂ ಕಕ್ಷಿಗಾರನನ್ನಾಗಿ ಮಾಡಿಬಿಟ್ಟೆಯಲ್ಲಪ್ಪ! ಇರಲಿ, ಒಂದು ಕತೆ ಹೇಳುತ್ತೇನೆ, ಕೇಳು” ಎಂದರು.

ಒಂದೂರಿನಲ್ಲಿ ಒಬ್ಬ ವಕೀಲನಿದ್ದ. ಅವನು ಪಾಟೀಸವಾಲಿಗೆ ನಿಂತನೆಂದರೆ ಎದುರಿನವರ ಬಾಯಿ ಕಟ್ಟಿಹೋಗುತ್ತಿತ್ತು. ಒಮ್ಮೆ ಒಬ್ಬ ಹೆಂಗಸು ಅವನ ಬಳಿ ಬಂದಳು. ಅವಳ ಗಂಡ ವ್ಯಾಪಾರಿ. ಇಬ್ಬರೂ ಬೇರೆಯಾಗಿದ್ದರು. ಮಗಳು ಯಾರ ಬಳಿ ಇರಬೇಕು ಎಂಬುದೇ ವ್ಯಾಜ್ಯ. ವಕೀಲ ಆ ಹೆಂಗಸಿನ ಪರ ನಿಂತ.

ಕಟಕಟೆಯಲ್ಲಿದ್ದ ವ್ಯಾಪಾರಿಯನ್ನು ವಕೀಲ ಕೇಳಿದ: “ನಿಮ್ಮ ಮಗಳಿಗೆ ಯಾವುದನ್ನು ಕಂಡರೆ ಹೆದರಿಕೆ?”

ವ್ಯಾಪಾರಿ ತಡವರಿಸಿದ. “ಅವಳಿಗಾಗಿಯೇ ಹಗಲೂ ರಾತ್ರಿ ದುಡಿಯುತ್ತೇನೆ ಸ್ವಾಮಿ” ಎಂದ.

“ದುಡಿಮೆಯ ಮಾತು ಬೇಡ. ಕೇಳಿದ್ದಕ್ಕೆ ಉತ್ತರ ಹೇಳಿ.”

“ಗೊತ್ತಿಲ್ಲ ಸ್ವಾಮಿ” ಎಂದು ವ್ಯಾಪಾರಿ ಒಪ್ಪಿಕೊಂಡ. ವಕೀಲರಿಗೆ ಇದೊಂದು ಸುಖ ನೋಡು, ಪ್ರಶ್ನೆ ಕೇಳುವವರು ಉತ್ತರ ಹೇಳಬೇಕಾಗಿಲ್ಲ. ಮಗಳು ತಾಯಿಯ ಬಳಿ ಉಳಿದಳು. ತಂದೆ ಭಾನುವಾರಕ್ಕೊಮ್ಮೆ ಎರಡು ಗಂಟೆ ಹೊತ್ತು ಅವಳನ್ನು ನೋಡಬಹುದು ಎಂದು ನ್ಯಾಯಾಧೀಶರು ಆಜ್ಞೆ ಮಾಡಿದರು. ವಕೀಲನ ಹೆಸರು ಊರಲ್ಲೆಲ್ಲ ಹಬ್ಬಿತು. ಕೈತುಂಬ ಕೆಲಸವಾಯಿತು. ಮನೆಯಲ್ಲಿ ಅವನಿಗೂ ಚಿಕ್ಕ ಮಗನಿದ್ದ. ಆದರೂ ಭಾನುವಾರವೂ ಕಚೇರಿಗೆ ಹೋಗತೊಡಗಿದ.

ಅಂಥ ಒಂದು ಭಾನುವಾರ, ದಾರಿಯ ಉದ್ಯಾನದಲ್ಲಿ ಆ ವ್ಯಾಪಾರಿ ಮಗಳಿಗೆ ಜಡೆ ಹೆಣೆಯುತ್ತ ಕುಳಿತಿದ್ದ. ಜಡೆ ಸೊಟ್ಟಗಿತ್ತು. ವಕೀಲ ಮುಖ ತಪ್ಪಿಸಿಕೊಂಡು ಹೋಗಬೇಕೆಂದಿದ್ದ. ವ್ಯಾಪಾರಿಯೇ ಕರೆದ.

“ವಕೀಲರೇ, ಇವಳಿಗೆ ಬಲೂನು ಒಡೆದರೆ ಹೆದರಿಕೆಯಂತೆ. ಅವತ್ತು ನೀವು ಕೇಳದೇ ಹೋಗಿದ್ದರೆ ನಾನು ವಿಚಾರಿಸುತ್ತಲೇ ಇರಲಿಲ್ಲ. ಒಂದೇ ಮನೆಯಲ್ಲಿದ್ದಾಗ, ನಾಳೆ ಕೇಳಿದರಾಯಿತು ಅಂತಿದ್ದೆ. ಈಗ ಈ ಎರಡು ಗಂಟೆಗಾಗಿ ಅಂಗಡಿ ಬಾಗಿಲು ಹಾಕಿ ಬರುತ್ತೇನೆ.”

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಅದಕ್ಕೇ ವಕೀಲನಿಗೆ ಹೆಚ್ಚು ನೋವಾಯಿತು.

ಕಚೇರಿಗೆ ಹೋಗಿ ಕಾಗದಪತ್ರ ಬಿಡಿಸಿದ. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ತನ್ನ ಮಗನಿಗೆ ಯಾವುದನ್ನು ಕಂಡರೆ ಹೆದರಿಕೆ? ಗೊತ್ತಿರಲಿಲ್ಲ. ಆ ವ್ಯಾಜ್ಯದಲ್ಲಿ ಗೆದ್ದವನು ತಾನೋ, ವ್ಯಾಪಾರಿಯೋ? ಅದೂ ತಿಳಿಯಲಿಲ್ಲ. ಮನೆಗೆ ಹೋಗೋಣವೆಂದು ಎದ್ದ. ಹೊರಗೆ ಕಕ್ಷಿಗಾರರು ಕಾದಿದ್ದರು. ತಾನು ಎದ್ದುಹೋದರೆ ಇವರ ಗತಿಯೇನು? ಕುಳಿತ. ಮತ್ತೆ ಎದ್ದ. ಬಾಗಿಲ ಬಳಿ ಬಂದು ಸುಮ್ಮನೆ ನಿಂತುಬಿಟ್ಟ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ನಿರಂಜನನಿಗೆ ತಡೆಯಲಾಗಲಿಲ್ಲ. “ಆಮೇಲೆ? ಅವನು ಮನೆಗೆ ಹೋದನೇ, ಇಲ್ಲವೇ?”

“ಅದನ್ನು ನೀನೇ ಹೇಳಬೇಕಪ್ಪ, ಇವತ್ತೂ ಭಾನುವಾರ, ನೀನು ಬಂದಿರುವುದು ನನ್ನ ಬಳಿಗೆ.”